ಬೀರು ಆಗುವ ಹೊತ್ತು

ನಾನೊಂದು ಕೊಳಗ. ಚಿಕ್ಕಪೇಟೆಯ ಹಿಂದಿನ ಗಲ್ಲಿಯಲ್ಲಿ ಉಕ್ಕಿನ ಹಾಳೆಯನ್ನು ಬಡಿದು ಬಾಗಿಸಿ ನನ್ನನ್ನು ಹೆತ್ತರು. ಹುಟ್ಟುತ್ತಲೇ ದೊಡ್ಡ ಬಾಯಿ. ಐವತ್ತು ಲೀಟರು ಹಿಡಿದೇನು, ಗುಟ್ಟು ಹಿಡಿಯಲಾರೆ.

ಮೊದಲ ಹನ್ನೆರಡು ವರ್ಷ ಮದುವೆ ಅಡುಗೆಯ ನಾರಣಪ್ಪನವರ ಬಳಿ ಸಾರು ಹೊತ್ತೆ. ಅವರ ಮೂಗು ಸದಾ ಕಟ್ಟಿರುತ್ತಿತ್ತು. ನನ್ನೊಳಗೆ ಇಣುಕಿ, "ಬೆಣಸು ಬತ್ತಷ್ಟು ಹಾಕ್ರೋ" ಎನ್ನುತ್ತಿದ್ದರು. ಮೆಣಸನ್ನು ಅವರ ಕೈ ಬಲ್ಲದು, ಮೂಗು ಅರಿಯದು. ಅವರು ಅಡುಗೆ ಬಿಟ್ಟಾಗ ಮೈಸೂರಿನ ಜವರೇಶ ನನ್ನನ್ನು ಕೊಂಡ.

ಜವರೇಶ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ಹೆಸರಿಗೆ ತಕ್ಕಂತೆ ಜವೆಗೋಧಿಯ ಹುಚ್ಚು. ಸಿದ್ಧ ಪಾಕ ತಂದು ಕಲಸುವುದಲ್ಲ, ಮೊಳಕೆ ಕಟ್ಟಿ ಒಣಗಿಸಿದ ಕಾಳಿನಿಂದಲೇ ಮನೆಯಲ್ಲಿ ಬಿಯರ್ ಮಾಡಬೇಕು. ಅವನ ತಾಯಿ ಪುಟ್ಟಗೌರಮ್ಮನ ಬಾಯಲ್ಲಿ ಬಟ್ಟೆ ಇಡುವ ಕಪಾಟೂ ಬೀರು, ಇದೂ ಬೀರು.

ಹೆಂಡತಿ ಸುನಂದ ಮಗುವಿಗಾಗಿ ಒಂಬತ್ತು ವರ್ಷ ಹಂಬಲಿಸಿ, ಕಡೆಗೆ ದತ್ತು ತೆಗೆದುಕೊಳ್ಳಲು ಅರ್ಜಿ ಹಾಕಿಸಿದ್ದಳು. ಮನೆ ನೋಡಲು ದತ್ತು ಸಂಸ್ಥೆಯ ಫಿಲೋಮಿನಾ ಮೇಡಂ ಶನಿವಾರ ನಾಲ್ಕಕ್ಕೆ ಬರುವವರಿದ್ದರು. ಅದೇ ದಿನ ಬಿಯರ್ ಮಾಡಲು ಹೊರಟ ಜವರೇಶನನ್ನು, ಅವತ್ತು ಮಾತ್ರ ಬೇಡ ಎಂದು ಸುನಂದ ಗೋಗರೆದಳು. ನಾಲ್ಕೇ ಗಂಟೆಯ ಕೆಲಸ, ಎಂಟಕ್ಕೆ ಹಚ್ಚಿದರೆ ಹನ್ನೆರಡಕ್ಕೆ ಕೊಳಗ ತೊಳೆದಿಟ್ಟಿರುತ್ತೇನೆ ಎಂದ ಅವನು. ಪುಸ್ತಕದಲ್ಲಿ ಹಾಗಿತ್ತಂತೆ. ಪುಸ್ತಕದ ನೀರು ಬೇಗ ಬಿಸಿಯಾಗುತ್ತದೆ.

ಹಿತ್ತಲಿನ ಒಂಟಿ ಒಲೆಯ ಮೇಲೆ ನನ್ನ ಹೊಟ್ಟೆಯ ನೀರು ಬಿಸಿಯಾಗಲು ಒಂದೂವರೆ ಗಂಟೆ ಹಿಡಿಯಿತು. ಕಾಳು ಸುರಿದು ಹದವಾದ ಶಾಖದಲ್ಲಿ ನೆನೆಸಲು ಇನ್ನೊಂದು. ಕಾಳಿನ ಸಿಹಿನೀರು ಬಸಿಯುವಾಗ ಸೋಸುವ ಬಟ್ಟೆಯ ಕಣ್ಣು ಕಟ್ಟಿಹೋಗಿ, ತೊಟ್ಟು ತೊಟ್ಟು ಇಳಿಯುವಷ್ಟರಲ್ಲಿ ಹನ್ನೆರಡು ಬಡಿಯಿತು. ಕುದಿ ಬರುವ ಮೊದಲೇ ಸಿಲಿಂಡರ್ ಖಾಲಿ. ಪಕ್ಕದ ಮನೆಯದನ್ನು ಬೇಡಿ ತಂದು ಹಚ್ಚಿದಾಗ ಎರಡು. ಕುದಿ ಬಂದ ಮೇಲೂ ಒಂದು ಗಂಟೆ ಕುದಿಯಬೇಕು, ಆಮೇಲೆ ಆರಬೇಕು. ಚೆಲ್ಲಿಬಿಡಿ ಎಂದಳು ಸುನಂದ. ಇನ್ನರ್ಧ ಗಂಟೆ ಎಂದ ಅವನು. ಒಲೆಯ ಮೇಲೆ ನಾನು ಕುದಿಯುತ್ತಿದ್ದೆ, ಅಡುಗೆಮನೆಯ ಬಾಗಿಲಲ್ಲಿ ಅವಳು.

ನಾಲ್ಕಕ್ಕೆ ಸರಿಯಾಗಿ ಮೇಡಂ ಬಂದರು. ತೆರೆದ ಬಾಗಿಲಿನಿಂದ ನನಗೆಲ್ಲ ಕೇಳುತ್ತಿತ್ತು. ಯಜಮಾನರೆಲ್ಲಿ ಎಂದದ್ದಕ್ಕೆ ಪುಟ್ಟಗೌರಮ್ಮ ಉತ್ತರ ಕೊಟ್ಟರು.

"ಹಿತ್ಲಲ್ಲವ್ನೆ ಕಣವ್ವ. ಬೆಳಗ್ಗಿಂದ ಬೀರು ಮಾಡ್ತಾವ್ನೆ."

ಮೇಡಂಗೆ ಖುಷಿಯೋ ಖುಷಿ. ಮಗುವಿನ ಬಟ್ಟೆಗೆಂದು ಕೈಯಾರೆ ಬೀರು ಮಾಡುವ ಅಪ್ಪಂದಿರು ಈಗೆಲ್ಲಿದ್ದಾರೆ ಎನ್ನುತ್ತ ಕಡತದಲ್ಲಿ ಬರೆದುಕೊಂಡರು. ಒಳಗೆ ಹೊಕ್ಕ ವಾಸನೆಯನ್ನು ಹುರಿಹಿಟ್ಟಿನದೆಂದುಕೊಂಡರು. ಜವರೇಶ ಸೌಟನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಎಲ್ಲರೂ ಸುಮ್ಮನಿದ್ದರೆ ಸಾಕಿತ್ತು.

"ಅದು ಮರದ್ದಲ್ಲ ಮೇಡಂ, ಕುಡಿಯೋದು," ಎಂದಳು ಸುನಂದ. "ಮಗು ವಿಷಯಾನ ಸುಳ್ಳಿಂದ ಶುರು ಮಾಡೋಕೆ ನನ್ನ ಕೈಲಾಗಲ್ಲ."

ಮೇಡಂ ಹಿತ್ತಲಿಗೆ ಬಂದು ನನ್ನೊಳಗೆ ಇಣುಕಿದರು. ಇದಕ್ಕೆ ಎಷ್ಟು ಹೊತ್ತು ಬೇಕು ಎಂದು ಕೇಳಿದರು.

"ನಾಲ್ಕು ಗಂಟೆ ಅಂದ್ಕೊಂಡಿದ್ದೆ," ಎಂದ ಜವರೇಶ. "ಎಂಟಾಯ್ತು. ಇನ್ನೂ ಆರಿಲ್ಲ."

ಅವನ ಮಾತಿಗೆ ಅವನಿಗೂ ನಗು ಬರಲಿಲ್ಲ.

"ಮಗು ಇದಕ್ಕಿಂತ ಜಾಸ್ತಿ ಹೊತ್ತು ಕೇಳುತ್ತೆ," ಎಂದರು ಮೇಡಂ. "ಅದೂ ನೀವು ಹೇಳಿದ ಹೊತ್ತಿಗೆ ಮುಗಿಯಲ್ಲ."

ಪೆನ್ನಿಗೆ ಮುಚ್ಚಳ ಹಾಕಿ, ಇನ್ನೊಮ್ಮೆ ಬರುತ್ತೇನೆಂದು ಹೋದರು. ಯಾವಾಗ ಎನ್ನಲಿಲ್ಲ.

ಜವರೇಶ ನನ್ನೊಳಗಿದ್ದುದನ್ನೆಲ್ಲ ಆರಿಸಿ ತೆಂಗಿನ ಬುಡಕ್ಕೆ ಸುರಿದ. ಆಮೇಲೆ ಹಿತ್ತಲಿನ ಒಲೆ ಹಚ್ಚಲಿಲ್ಲ. ಪುಟ್ಟಗೌರಮ್ಮ ಯಾರು ಬಂದರೂ ಬಾಗಿಲಿಗೆ ಹೋಗುವುದನ್ನು ಬಿಟ್ಟರು.

ನಾನು ಬಚ್ಚಲ ಹಿಂದೆ ಬೋರಲು ಬಿದ್ದೆ. ತಳವೆಲ್ಲ ಕರಕು, ಒಂದು ಕಿವಿ ಸಡಿಲ. ಹತ್ತು ತಿಂಗಳಾದವು, ಮೇಡಂ ಇನ್ನೂ ಬಂದಿಲ್ಲ. ಮೊನ್ನೆ ಗುಜರಿಯವನು ಕೂಗಿಕೊಂಡು ಬಂದಾಗ ಜವರೇಶ ನನ್ನನ್ನು ಗೇಟಿನವರೆಗೂ ಒಯ್ದ. ಸುನಂದ ಹಿಂದೆಯೇ ಬಂದು ನನ್ನ ಗಟ್ಟಿ ಕಿವಿಯನ್ನು ಹಿಡಿದಳು.

"ಕೊಡಬೇಡಿ. ಸ್ನಾನಕ್ಕೆ ನೀರು ಕಾಯಿಸೋಕೆ ಬೇಕಾಗುತ್ತೆ."

ಮನೆಯಲ್ಲಿ ಗೀಸರ್ ಇದೆ. ಅದು ಜವರೇಶನಿಗೂ ಗೊತ್ತು. ಆದರೂ ನನ್ನನ್ನು ತಿರುಗಿ ತಂದು, ಉಜ್ಜಿ, ಈ ಸಲ ಬಾಯಿ ಮೇಲಾಗಿ ಇಟ್ಟ. ನೀರಿಲ್ಲದೆ, ಬೆಂಕಿಯಿಲ್ಲದೆ ಕಾಯುವುದನ್ನು ಈ ವಯಸ್ಸಿನಲ್ಲಿ ಕಲಿಯುತ್ತಿದ್ದೇನೆ.