ಒಂಬತ್ತು ಕಚ್ಚಿನ ಬಟ್ಟಲು

ಎತ್ತಪ್ಪ ಮಾವ ಅಂಜನಪ್ಪನ ಹೆಣದ ಬಲಗೈ ಹಿಡಿದು ತೆಂಗಿನ ನಾರಿನಿಂದ ತಿಕ್ಕುತ್ತಿದ್ದ. ತೋರುಬೆರಳಿನ ಕಪ್ಪು ಶಾಯಿ ಹೋಗಲೊಲ್ಲದು.

“ಬಿಡಲೇ, ಮಣ್ಣಿಗೆ ಹೋಗೋ ಕೈ,” ಬಿಸಿನೀರು ಹುಯ್ಯುತ್ತಿದ್ದ ನೆರೆಮನೆಯ ಮಾರಣ್ಣ ಅಂದ. “ನಿಮ್ಮ ಮಾವ ಬದುಕಿದ್ದಾಗ ಕುರಿ ಮುಟ್ಟಲಿಲ್ಲ, ನೇಗಿಲು ಮುಟ್ಟಲಿಲ್ಲ. ಗೀಚಿದ್ದೇ ಗೀಚಿದ್ದು.”

“ಮೂವತ್ತು ವರ್ಷ ಸಮುದ್ರದ ದಂಡೆ ಮ್ಯಾಲೆ ನೌಕರಿ ಮಾಡ್ದ,” ಎತ್ತಪ್ಪನ ತಾಯಿ ಕೊಟ್ರಮ್ಮ ಹೊಸಿಲ ಮೇಲೆ ಕೂತೇ ಹೇಳಿದಳು. “ತಂಗಿಗೆ ಒಂದು ಮುತ್ತು ತರಲಿಲ್ಲ. ನಾರೋ ಸೀಸೆ ತಂದ.” ಅಷ್ಟು ಹೇಳಿ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು.

ಆ ಸೀಸೆಯನ್ನು ಒಯ್ಯಲೆಂದೇ ಶಬನಾ ಅಂದು ಅಂಜನಪ್ಪನ ಊರಾದ ಆದಿವಾಲಕ್ಕೆ ಬಂದಿದ್ದಳು. ಸೋಮವಾರ ಬರ್ರಿ, ಕೊಟ್ಟುಬಿಡ್ತೀನಿ ಎಂದು ಅಂಜನಪ್ಪ ತಾನೇ ಫೋನು ಮಾಡಿದ್ದ. ಭಾನುವಾರ ಮಧ್ಯಾಹ್ನ ಉಂಡು ಮಲಗಿದವನು ಏಳಲಿಲ್ಲವೆಂಬುದು ಅವಳಿಗೆ ಬಸ್ಸು ಇಳಿದ ಮೇಲೆ ಗೊತ್ತಾಯಿತು.

“ನೀವ್ಯಾರಮ್ಮ?” ಕೊಟ್ರಮ್ಮ ಕೇಳಿದಳು.

“ಅವರ ಆಫೀಸಿನೋಳು. ದುರ್ಗದೋಳೇ.”

“ಕುಂತ್ಕಳ್ರಿ.”

ಕೂತಲ್ಲಿಂದಲೇ ಒಳಗಿನ ಗೂಡಿನಲ್ಲಿ ಸೀಸೆ ಕಾಣುತ್ತಿತ್ತು, ಬೇಳೆ ಡಬ್ಬಿಗಳ ಪಕ್ಕ. ಎದ್ದು ಕೇಳಬಹುದಿತ್ತು. ಆದರೆ ಅಂಗಳದಲ್ಲಿ ಹೆಣಕ್ಕೆ ನೀರು ಹಾಕುತ್ತಿರುವಾಗ ಪರರ ಮನೆಯ ಸೀಸೆ ಕೇಳುವುದು ಹೇಗೆ? ಹೆಣ ಎತ್ತಲಿ ಎಂದುಕೊಂಡು ಕೈ ಮಡಚಿ ಕೂತಳು.

*

ಅಂಜನಪ್ಪ ಕರಾವಳಿಯ ಒಂದು ಸಂಶೋಧನಾ ಕೇಂದ್ರದಲ್ಲಿ ಅಟೆಂಡರ್. ಸಾವಿರ ಮಾರು ಆಳದಿಂದ ಎಳೆದ ಬಲೆಯ ಕೆಸರನ್ನು ತೊಳೆದು, ಸಿಕ್ಕಿದ್ದನ್ನು ಬೇರೆ ಮಾಡಿಡುವುದು ಅವನ ಕೆಲಸ. ಎಪ್ಪತ್ತೊಂಬತ್ತನೆಯ ಇಸವಿಯಲ್ಲಿ ಕಲ್ಲಿಗಂಟಿದ ಒಂದು ಗರಿಯಂಥದನ್ನು ನೋಡಿ ಅವನು ದೊಡ್ಡ ಸಾಹೇಬರಿಗೆ ಹೇಳಿದ, “ಸಾರ್, ಇದು ಬೇರೆ ಮಂದೆದು.”

ಕುರಿಯ ಕಿವಿಯ ಕಚ್ಚು ನೋಡಿ ಯಾರ ಮಂದೆಯದೆಂದು ಹೇಳುವ ಮನೆಯಲ್ಲಿ ಹುಟ್ಟಿದವನು. ಸೂಕ್ಷ್ಮದರ್ಶಕದಡಿಯಲ್ಲೂ ಅವನು ಅಂಚಿನ ಕಚ್ಚುಗಳನ್ನೇ ಎಣಿಸುತ್ತಿದ್ದ. ಸಾಹೇಬರು ನಕ್ಕರು. ವರ್ಷ ಕಳೆದು ಅದು ಹೊಸ ಪ್ರಾಣಿಯೆಂದು ಅಚ್ಚಾಯಿತು. ಅದಕ್ಕೆ ಸಾಹೇಬರ ಗುರುಗಳ ಹೆಸರಿಟ್ಟಿದ್ದರು. ಕೃತಜ್ಞತೆಯ ಸಾಲುಗಳಲ್ಲಿ ದೋಣಿಯ ಹೆಸರು ಕೂಡ ಇತ್ತು, ಅಂಜನಪ್ಪನದು ಇರಲಿಲ್ಲ.

ಐದು ವರ್ಷದ ನಂತರ ಇನ್ನೊಂದು ಸಿಕ್ಕಿತು. ಬೆರಳುದ್ದದ ಬಿಳಿ ಎಳೆ. ನೋಡಲು ಗಿಡ, ನಿಜದಲ್ಲಿ ಪ್ರಾಣಿಗಳ ಗುಂಪು. ಕೊಂಬೆ ತುಂಬ ಸಣ್ಣ ಬಟ್ಟಲು, ಬಟ್ಟಲಿಗೊಂದು ಬಾಯಿ. ಒಂದು ತಿಂದದ್ದು ಎಲ್ಲಕ್ಕೂ ಸೇರುತ್ತದೆ. ಪ್ರತಿ ಬಟ್ಟಲ ಅಂಚಿಗೆ ಒಂಬತ್ತು ಕಚ್ಚು. ಪುಸ್ತಕಗಳಲ್ಲಿ ಅಂಥದು ಇರಲಿಲ್ಲ. ಈ ಸಲ ಅವನು ಯಾರಿಗೂ ಹೇಳಲಿಲ್ಲ. ಸ್ಪಿರಿಟ್ಟಿನಲ್ಲಿ ಹಾಕಿ, ನಿವೃತ್ತನಾದಾಗ ಊರಿಗೆ ತಂದ.

ಅದೇ ಕೇಂದ್ರಕ್ಕೆ ದುರ್ಗದ ಹುಡುಗಿಯೊಬ್ಬಳು ಸೇರಿದ್ದಾಳೆಂದು ತಿಳಿದು ಅವಳಿಗೆ ಕಾಗದ ಬರೆದ, ಜತೆಗೆ ಶಾಯಿಯಲ್ಲಿ ತಾನೇ ಬರೆದ ಅದರ ನಲವತ್ತು ಚಿತ್ರ. ಶಬನಾ ಎರಡು ವರ್ಷ ಕೂತು ವರ್ಣನೆ ಬರೆದಳು. ಹೆಸರು ಅಂಜನಪ್ಪನದೇ ಎಂದು ಮಾತು ಕೊಟ್ಟಳು. ಆದರೆ ಪ್ರಾಣಿ ಮ್ಯೂಸಿಯಂ ಸೇರಿ ಅದಕ್ಕೊಂದು ನಂಬರ್ ಬೀಳದೆ ಹೆಸರು ನಿಲ್ಲುವುದಿಲ್ಲ. ಎಲ್ಲೂ ಇನ್ನೊಂದು ಸಿಕ್ಕಿರಲಿಲ್ಲ.

ಅವಳು ಮೂರು ಸಲ ಬಂದಳು, ಮೂರು ಸಲವೂ ಕೊಟ್ರಮ್ಮ ಹೊಲಕ್ಕೆ ಹೋದ ಹೊತ್ತಿಗೆ. ಮೂರು ಸಲವೂ, “ಇನ್ನೊಂದು ಬಟ್ಟಲು ಬರೆಯೋದೈತೆ ಮೇಡಂ,” ಎಂದು ಬರಿಗೈಯಲ್ಲಿ ಕಳಿಸಿದ. ಬರೆಯಲು ಬಟ್ಟಲು ಉಳಿದಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

*

ಹೆಣ ಎತ್ತಿದರು. ಅಂಗಳದಿಂದಲೇ ಮಂಡಕ್ಕಿ ಎರಚುತ್ತ ಹೊರಟರು. ಹೆಂಗಸರು ಓಣಿಯ ತುದಿಯಿಂದ ಹಿಂದಿರುಗಿದರು. ಶಬನಾ ಮಾತ್ರ ಹಲಗೆ ಬಡಿತದ ಸದ್ದು ಕೆರೆ ಏರಿಯ ಆಚೆ ಇಳಿಯುವವರೆಗೂ ನಿಂತಳು. ಅಷ್ಟಾದರೂ ಮಾಡಬೇಕು ಅನ್ನಿಸಿತ್ತು.

ಬಂದು ನೋಡಿದರೆ ಅಂಗಳವೆಲ್ಲ ಒದ್ದೆ. ನೆರೆಯ ಮುದುಕಿ ಹುಚ್ಚಕ್ಕ ಕೊಡಗಳನ್ನು ಬೋರಲು ಹಾಕುತ್ತಿದ್ದಳು. ಗೂಡಿನಲ್ಲಿ ಬೇಳೆ ಡಬ್ಬಿಗಳಷ್ಟೇ ಇದ್ದವು.

“ಅಲ್ಲೊಂದು ಸೀಸೆ ಇತ್ತಲ್ಲಮ್ಮ?”

“ಸಾವಾದ ಮನೆಯಾಗೆ ನೀರು ಉಳಿಸಬಾರದು ಕಣವ್ವ. ಹಂಡೆ, ಚೊಂಬು, ಸೀಸೆ, ಎಲ್ಲ ಚೆಲ್ಲಿದ್ವಿ. ಅದಂತೂ ಕೊಳೆತು ನಾರ್ತಿತ್ತು. ಒಳಗೆ ಎಂಥದೋ ಕಸ ಬ್ಯಾರೆ.”

ಶಬನಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಕೊಟ್ರಮ್ಮ ಒಳಗಿನಿಂದ ಬಂದು ಅವಳ ಮುಖ ನೋಡಿದಳು.

“ಯಾಕಮ್ಮ? ಏನಿತ್ತು ಅದ್ರಾಗೆ?”

“ಸಮುದ್ರದ ಒಂದು ಜೀವ. ಜಗತ್ತಿಗೆ ಅದೊಂದೇ. ಅದಕ್ಕೆ ನಿಮ್ಮಣ್ಣನ ಹೆಸರು ಇಡೋದಿತ್ತು.”

“ಅಣ್ಣಂದು? ಪುಸ್ತಕದಾಗೆ?”

“ಹ್ಞೂಂ. ಇನ್ನು ಆಗಲ್ಲ.”

ಕೊಟ್ರಮ್ಮ ಗೂಡಿನ ಕಡೆ ತಿರುಗಿ ನೋಡಿದಳು.

“ಬೆಳಗ್ಗಿಂದ ಇಲ್ಲೇ ಕುಂತಿದ್ರಲ್ಲ. ಕೇಳಬಾರದಾಗಿತ್ತಾ?”

“ಹೆಣ ಇತ್ತಲ್ಲಮ್ಮ.”

“ಹೆಣ ಬ್ಯಾಡ ಅಂತಿತ್ತಾ?”

ಹುಚ್ಚಕ್ಕ ಬಚ್ಚಲ ಮೋರಿಯ ಕಡೆ ಕೈ ತೋರಿಸಿದಳು. ಶಬನಾ, ಕೊಟ್ರಮ್ಮ ಇಬ್ಬರೂ ಅಲ್ಲಿಗೆ ಹೋಗಿ ಕುಕ್ಕರಗಾಲಲ್ಲಿ ಕೂತರು. ನೀರು ಹರಿದು ಅಂಗಳದ ತಗ್ಗಿಗೆ ಇಳಿದಿತ್ತು. ಅಲ್ಲಿ ನೆನೆದ ಮಂಡಕ್ಕಿ ಬೆಳ್ಳಗೆ ಹರಡಿಕೊಂಡಿತ್ತು. ಐದಾರು ಕೋಳಿ ಹೆಕ್ಕುತ್ತಿದ್ದವು. ಒಂದು ಹ್ಯಾಟೆಕೋಳಿ ತಲೆ ಕೊಡವಿತು. ಕೊಕ್ಕಿಗೆ ಅಂಟಿದ್ದ ಬಿಳಿ ಎಳೆಯ ಚೂರನ್ನು ಕಲ್ಲಿಗೆ ಎರಡು ಸಲ ಉಜ್ಜಿ, ಮತ್ತೆ ಹೆಕ್ಕತೊಡಗಿತು.