ಫೋನಿನಲ್ಲೇ ಬಿದ್ದುಹೋದವರು

ಮಗಳಿಗೆ ಕಿವಿ ಕೇಳುವುದಿಲ್ಲ ಎಂಬುದನ್ನು ಆ ತಾಯಿ ವರ್ಷಗಟ್ಟಲೆ ಊರಿನ ಕಣ್ಣಿಗೆ ಬೀಳದಂತೆ ಕಾಪಾಡಿಕೊಂಡು ಬಂದಿದ್ದಳು. ಎಳವೆಯಲ್ಲಿ ಬಂದ ಜ್ವರ ಇಳಿಯುವಾಗ ಕಿವಿಯನ್ನೂ ತೆಗೆದುಕೊಂಡು ಹೋಗಿತ್ತು. ಎದುರು ನಿಂತು ಮಾತಾಡಿದರೆ ಹುಡುಗಿ ತುಟಿ ನೋಡಿಯೇ ಎಲ್ಲ ತಿಳಿದುಕೊಳ್ಳುತ್ತಿದ್ದಳು. ಆದರೆ ಬೆನ್ನ ಹಿಂದಿನ ಲೋಕ ಅವಳ ಪಾಲಿಗೆ ಇರಲೇ ಇಲ್ಲ.

ತಾಯಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆ ಹೊದಿಕೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಯಂತ್ರಗಳ ಗದ್ದಲದ ನಡುವೆ ಕೂಗಿ ಕೂಗಿ ಅವಳ ದನಿ ಒಡೆದುಹೋಗಿತ್ತು. ಅವಳು ಗುಟ್ಟು ಹೇಳಿದರೆ ಬೀದಿ ತುದಿಗೂ ಕೇಳುತ್ತದೆ ಎಂದು ಅಕ್ಕಪಕ್ಕದವರು ಗೇಲಿ ಮಾಡುತ್ತಿದ್ದರು. ಆದರೆ ಈ ಒಂದು ಗುಟ್ಟನ್ನು ಮಾತ್ರ ಅವಳು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಊರಂಚಿನ ಔಷಧಿ ಕಾರ್ಖಾನೆಯವರು ಸೀಸೆಗಳ ಮೇಲಿನ ಲೇಬಲ್ ಪರೀಕ್ಷಿಸುವವರು ಬೇಕೆಂದು ಅರ್ಜಿ ಕರೆದರು. ಹುಡುಗಿಯ ಕಣ್ಣು ಬಲು ಚುರುಕು. ಒಂದಕ್ಷರ ಅತ್ತಿತ್ತ ಆಗಿದ್ದರೂ ಹಿಡಿದುಬಿಡುವಳು. ಅವಳಿಗೆಂದೇ ಹೊಲಿಸಿದಂತಿದ್ದ ಕೆಲಸ. ಅರ್ಜಿಯ ಜೊತೆ ಇನ್ನೊಂದು ಬೇರೆ ಹಾಳೆ ಇತ್ತು. ವಯಸ್ಸು, ಹೆಣ್ಣೋ ಗಂಡೋ ಇತರರೋ, ಮನೆಮಾತು, ಸಮುದಾಯ, ಅಂಗವೈಕಲ್ಯವೇನಾದರೂ ಇದೆಯೇ ಎಂದೆಲ್ಲ ಕೇಳಿದ್ದರು. ಇದನ್ನು ನೋಡಿ ಯಾರನ್ನೂ ಆರಿಸುವುದಿಲ್ಲ, ಬಿಡುವುದೂ ಇಲ್ಲ ಎಂದು ಮೇಲೆಯೇ ಬರೆದಿತ್ತು.

ತಾಯಿ ಅದನ್ನು ನಂಬಲಿಲ್ಲ. "ಕಿವಿ ಕೇಳಲ್ಲ ಅಂತ ನಾವೇ ಬರೆದುಕೊಟ್ರೆ ಅಲ್ಲಿಗೆ ಮುಗೀತು. ಖಾಲಿ ಬಿಡು ಮಗಾ" ಎಂದಳು. ಮಗಳು ಖಾಲಿ ಬಿಟ್ಟಳು.

ಮೊದಲ ಸಂದರ್ಶನ ಫೋನಿನಲ್ಲಿ ಎಂದು ತಿಳಿದಾಗ ಇಬ್ಬರ ಮುಖವೂ ಸಪ್ಪಗಾಯಿತು. ಕೊನೆಗೆ ತಾಯಿ ಒಂದು ಉಪಾಯ ಹೂಡಿದಳು. ಫೋನು ಬಂದಾಗ ತಾನೇ ಮಗಳಾಗಿ ಮಾತಾಡುವುದು. ಕೇಳಿದ ಪ್ರಶ್ನೆಯನ್ನು ದನಿಯಿಲ್ಲದೆ ತುಟಿಯಾಡಿಸಿ ಮಗಳಿಗೆ ದಾಟಿಸುವುದು. ಮಗಳು ಬರೆದು ತೋರಿಸಿದ ಉತ್ತರವನ್ನು ಓದಿ ಹೇಳುವುದು.

ಎರಡು ಪ್ರಶ್ನೆಗಳು ಹೇಗೋ ದಾಟಿದವು. ಆಮೇಲೆ ಆಚೆಯಿಂದ ಸಂದರ್ಶನ ಮಾಡುತ್ತಿದ್ದವನು ಮೆಲ್ಲಗೆ, ಪಕ್ಕದಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳಿದ. ಯಾರೂ ಇಲ್ಲ ಎಂದಳು ತಾಯಿ. ಅದೇ ಗಳಿಗೆಯಲ್ಲಿ, ಅಮ್ಮನ ಮುಖ ಬಿಳಿಚಿದ್ದು ಕಂಡ ಮಗಳು ಕೇಳಿಬಿಟ್ಟಳು:

"ಏನಂತೆ ಅಮ್ಮ?"

ತನ್ನ ದನಿ ಎಷ್ಟು ಜೋರು ಎಂಬುದು ಆ ಹುಡುಗಿಗೆ ಎಂದೂ ಗೊತ್ತಾಗುತ್ತಿರಲಿಲ್ಲ.  ಆಚೆಯವನು ಅಷ್ಟಕ್ಕೇ ಧನ್ಯವಾದ ಹೇಳಿ ಫೋನು ಇಟ್ಟ.

"ನನ್ನ ದನಿ ಅವರಿಗೆ ಕೇಳಿಸ್ತಾ?" ಎಂದು ಮಗಳು ಕೇಳಿದಳು. ತಾಯಿ ಹೌದೆಂದು ತಲೆಯಾಡಿಸಿದಳು. ಮಗಳು ಅಳಲಿಲ್ಲ. ಬರೆದ ಉತ್ತರಗಳನ್ನು ಮಡಿಸಿ ಒಲೆಯ ಪಕ್ಕದ ಕಸದ ಡಬ್ಬಕ್ಕೆ ಹಾಕಿದಳು. ಅವಳು ಅತ್ತಿದ್ದರೇ ತಾಯಿಗೆ ಹಗುರವಾಗುತ್ತಿತ್ತು.

ಅವರ ಮನೆಯ ಮೇಲಿನ ಮಹಡಿಯಲ್ಲಿ ಅದೇ ಕಾರ್ಖಾನೆಯ ನೇಮಕಾತಿ ಕಚೇರಿಯ ಗುಮಾಸ್ತೆ ಇದ್ದಳು. ಮೆಟ್ಟಿಲಲ್ಲಿ ಅವಳು ಸಿಕ್ಕಿದಾಗ ತಾಯಿಗೆ ತಡೆಯಲಾಗಲಿಲ್ಲ. ನಡೆದದ್ದನ್ನೆಲ್ಲ ಹೇಳಿಬಿಟ್ಟಳು. ಗುಮಾಸ್ತೆ ಗೋಡೆಗೆ ಒರಗಿ ನಿಂತಳು. ಹಿಂದಿನಿಂದ ಕರೆದರೆ ತಿರುಗಿಯೂ ನೋಡದ ಆ ಹುಡುಗಿಗೆ ಜಂಬ ಎಂದೇ ಅವಳು ಇಷ್ಟು ಕಾಲ ತಿಳಿದಿದ್ದಳು.

ಆ ಬೇರೆ ಹಾಳೆಯನ್ನು ಏಕೆ ಖಾಲಿ ಬಿಟ್ಟಿರಿ ಎಂದು ಅವಳು ಕೇಳಿದಳು. ಬರೆದರೆ ಮೊದಲು ಹೊಡೆದುಹಾಕುವುದು ಇವಳ ಹೆಸರನ್ನೇ ಎಂದಳು ತಾಯಿ.

"ಇಲ್ಲ ಅಕ್ಕ. ಆ ಹಾಳೆ ಸಂದರ್ಶನ ಮಾಡೋರ ಕೈಗೆ ಹೋಗೋದೇ ಇಲ್ಲ. ಹೆಸರು ತೆಗೆದು ನಾವು ಬರೀ ಲೆಕ್ಕ ಹಾಕ್ತೀವಿ. ಎಂಥೆಂಥವರು ಅರ್ಜಿ ಹಾಕಿದ್ರು, ಯಾರು ಎಲ್ಲಿವರೆಗೆ ಬಂದ್ರು, ಎಲ್ಲಿ ಬಿದ್ದುಹೋದ್ರು ಅಂತ. ಕಿವಿ ಕೇಳದವರಿಗೆ ಫೋನ್ ಸಂದರ್ಶನ ಕಷ್ಟ ಅಂತ ನಾನು ಹೇಳಿದ್ರೆ, ಅಂಥವರು ಯಾರೂ ಅರ್ಜಿನೇ ಹಾಕಿಲ್ವಲ್ಲ ಅಂತಾರೆ ಮೇಲಿನವರು. ಎಲ್ಲರೂ ಖಾಲಿ ಬಿಟ್ರೆ ನಾನು ಯಾರನ್ನ ತೋರಿಸಲಿ?"

"ಬರೆದುಕೊಟ್ರೆ ಇವಳಿಗೆ ಕೆಲಸ ಸಿಗತ್ತಾ?"

"ಸುಳ್ಳು ಹೇಳಲಾರೆ. ಆ ಹಾಳೆಯಿಂದ ಕೆಲಸ ಸಿಗಲ್ಲ. ತೊಡಕು ಎಲ್ಲಿದೆ ಅಂತ ಗೊತ್ತಾಗತ್ತೆ, ಅಷ್ಟೇ."

ಬಾಗಿಲಲ್ಲಿ ನಿಂತು ಗುಮಾಸ್ತೆಯ ತುಟಿಗಳನ್ನೇ ನೋಡುತ್ತಿದ್ದ ಮಗಳು, ಮುಂದಿನ ಸಲ ತಾನು ಬರೆಯುತ್ತೇನೆ ಎಂದಳು.

ಮರುವರ್ಷ ಅದೇ ಕೆಲಸಕ್ಕೆ ಮತ್ತೆ ಅರ್ಜಿ ಕರೆದಾಗ ಅವಳು ಆ ಹಾಳೆಯಲ್ಲಿ ಬರೆದಳು. ಗುಮಾಸ್ತೆ ಹೇಳಿಕೊಟ್ಟಂತೆ ಅರ್ಜಿಯಲ್ಲೇ ಬೇರೆಯಾಗಿ, ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕೊಡಿ ಎಂದೂ ಕೇಳಿಕೊಂಡಳು. ಸದ್ಯಕ್ಕೆ ಅಂಥ ಏರ್ಪಾಡು ಇಲ್ಲ ಎಂದು ಉತ್ತರ ಬಂತು. ಫೋನು ಬಂದ ದಿನ ಅದನ್ನು ಎತ್ತಲು ತಾಯಿಗೆ ಅವಳು ಬಿಡಲಿಲ್ಲ. ಮಡಿಲಲ್ಲಿಟ್ಟುಕೊಂಡು ಅದು ನಡುಗುವುದನ್ನು ಅಂಗೈಯಲ್ಲಿ ಹಿಡಿದು ಕೂತಳು, ನಡುಕ ನಿಲ್ಲುವ ತನಕ.

ಆಮೇಲೆ ಅವಳೂ ಅಮ್ಮನ ಜೊತೆ ಇಸ್ತ್ರಿ ಕೆಲಸಕ್ಕೆ ಸೇರಿದಳು. ಆ ಗದ್ದಲದಲ್ಲಿ ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ. ಹಾಗಾಗಿ ಅವಳನ್ನು ಯಾರೂ ಬೇರೆಯಾಗಿ ಕಾಣಲಿಲ್ಲ. ಬಿಸಿ ತಾಗಿ ಅವಳ ಬೆರಳುಗಳು ಬೊಬ್ಬೆಯೆದ್ದದ್ದನ್ನು ಕಂಡಾಗಲೆಲ್ಲ ಆ ಹಾಳೆ ತುಂಬಿ ಏನು ಬಂತು ಎಂದು ತಾಯಿ ಗೊಣಗುತ್ತಿದ್ದಳು. ಗುಮಾಸ್ತೆಯ ಜೊತೆ ಮಾತು ಬಿಟ್ಟಳು.

ಬಹಳ ದಿನದ ಮೇಲೆ ಗುಮಾಸ್ತೆ ತಾನೇ ಬಂದಳು. ಕೂರು ಎಂದರೂ ಕೂರಲಿಲ್ಲ. ಆ ಸಲ ಕಿವಿ ಕೇಳದವರು ಎಂದು ಹನ್ನೊಂದು ಜನ ಬರೆದಿದ್ದರಂತೆ. ಅವರಲ್ಲಿ ಒಬ್ಬರೂ ಫೋನು ದಾಟಿರಲಿಲ್ಲ. ಲೇಬಲ್ ನೋಡಲು ಕಿವಿ ಯಾಕೆ ಬೇಕು ಎಂದು ಇವಳು ಸಭೆಯಲ್ಲಿ ಕೇಳಿದಳಂತೆ. ಇನ್ನು ಮುಂದೆ ಆ ಕೆಲಸಕ್ಕೆ ಫೋನಿನ ಸಂದರ್ಶನ ಇಲ್ಲ, ಬರವಣಿಗೆಯ ಪರೀಕ್ಷೆ ಮಾತ್ರ. ಇಷ್ಟು ಹೇಳಿ ಅವಳು ನೆಲ ನೋಡಿದಳು. ಆ ಕೆಲಸಕ್ಕೆ ವಯಸ್ಸಿನ ಮಿತಿ ಇತ್ತು. ಹುಡುಗಿ ಅದನ್ನು ಮೊನ್ನೆಯಷ್ಟೇ ದಾಟಿದ್ದಳು.

 ತಾಯಿ ಒಡೆದ ದನಿಯಲ್ಲಿ ಕೇಳಿದಳು.

"ಮೊದಲನೇ ಸಲವೇ ಬರೆದಿದ್ರೆ?"

"ಇವಳೊಬ್ಬಳಿಂದ ಆಗ್ತಿತ್ತು ಅಂತ ಹೇಳಲಾರೆ ಅಕ್ಕ. ಎಲ್ಲರೂ ಬರೆದಿದ್ರೆ, ಒಂದು ವರ್ಷ ಮುಂಚೆ ಗೊತ್ತಾಗ್ತಿತ್ತು."

ಮುಂದಿನ ಮಳೆಗಾಲದ ಒಂದು ಸಂಜೆ ತಾಯಿ ಮಗಳು ಕೆಲಸ ಮುಗಿಸಿ ಬಸ್ಸಿಗೆ ಕಾಯುತ್ತಿದ್ದರು. ಕಾರ್ಖಾನೆಯ ನೀಲಿ ಸಮವಸ್ತ್ರ ತೊಟ್ಟ ಇಬ್ಬರು ಹುಡುಗಿಯರು ಕೈಸನ್ನೆಯಲ್ಲೇ ಹರಟುತ್ತಾ, ನಗುತ್ತಾ ಬಂದು ಪಕ್ಕದಲ್ಲಿ ನಿಂತರು. ಮಗಳು ಅವರನ್ನು ಕಣ್ತುಂಬ ನೋಡಿದಳು.

"ಅವರಿಗೆ ಸಿಕ್ತು ಅಮ್ಮ" ಎಂದಳು. ಅವಳ ಜೋರು ದನಿಗೆ ಸುತ್ತಲಿದ್ದವರು ತಿರುಗಿ ನೋಡಿದರು. ಸದ್ದು ಕಡಿಮೆ ಮಾಡು ಎಂದು ತಾಯಿ ಈ ಸಲ ಸನ್ನೆ ಮಾಡಲಿಲ್ಲ. ಮಗಳ ಕೈ ಹಿಡಿದುಕೊಂಡು ಅತ್ತಳು.

ಈಗ ಮಗಳು ಆಸ್ಪತ್ರೆಯ ದಾಖಲೆ ಕೋಣೆಯ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ. ಅದರ ಜೊತೆ ಬಂದ ಅಂಥದೇ ಬೇರೆ ಹಾಳೆಯನ್ನೂ ತುಂಬಿದ್ದಾಳೆ. ತುಂಬುವಾಗ ತಾಯಿ ಪಕ್ಕದಲ್ಲೇ ಕೂತಿದ್ದಳು. ಉತ್ತರ ಇನ್ನೂ ಬಂದಿಲ್ಲ.

ಈ ಕಥೆ ಓದಿದ ಅಕ್ಕಂದಿರೇ, ಅಣ್ಣಂದಿರೇ, ಕೆಲಸದ ಅರ್ಜಿಯ ಜೊತೆ ಇಂಥ ಹಾಳೆ ಬಂದರೆ ಹೆದರಿ ಪಕ್ಕಕ್ಕಿಡಬೇಡಿ. ಇದು ಯಾಕೆ, ಯಾರು ನೋಡುತ್ತಾರೆ, ಎಲ್ಲಿ ಇಡುತ್ತಾರೆ ಎಂದು ಧೈರ್ಯವಾಗಿ ಕೇಳಿ. ಹೇಳಲು ಇಷ್ಟವಿಲ್ಲದ್ದನ್ನು ಬಿಡುವ ಹಕ್ಕು ನಿಮಗಿದೆ. ಆದರೆ ಉತ್ತರ ಸಮಾಧಾನ ತಂದರೆ ಬರೆಯಿರಿ. ಕೆಲಸ ಕೊಡುವವರೇ, ಆ ಹಾಳೆಯನ್ನು ಆರಿಸುವವರ ಕಣ್ಣಿಂದ ದೂರವಿಡಿ. ಲೆಕ್ಕ ಹಾಕಿದ ಮೇಲೆ ಕೈಕಟ್ಟಿ ಕೂರಬೇಡಿ. ನೀವು ತಡ ಮಾಡಿದ ಒಂದೊಂದು ವರ್ಷವೂ ಯಾರದೋ ಮನೆಯ ಮಗಳ ವಯಸ್ಸಿನಿಂದ ಕಳೆದುಹೋಗುತ್ತದೆ.