ಶಂಕರಮ್ಮನ ಹಸಿರು ಅಂಗಳ

ನಮ್ಮ ಬೆಳ್ಳಿ ತನ್ನ ಕಾಲು ನೆಕ್ಕುವ ಸದ್ದು ಕೇಳಿದವರಿಗೇ ಗೊತ್ತು. ಚಪ್ಪ, ಚಪ್ಪ, ಚಪ್ಪ. ಟೀವಿ ಹಾಕಿದರೂ ಕೇಳುತ್ತಿತ್ತು, ಮಿಕ್ಸಿ ಹಾಕಿದರೂ ಕೇಳುತ್ತಿತ್ತು. ನನ್ನ ಗಂಡ ತಿರುಮಲೇಶ್ ಆಂಧ್ರ ಗಡಿಯ ಹಾಲಹರವಿಯಲ್ಲಿ ಬೋರ್‌ವೆಲ್ ಮೋಟರ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ದಿನವಿಡೀ ಗುಂಯ್ ಎನ್ನುವ ಮೋಟರುಗಳ ಮಧ್ಯೆ ಆರಾಮವಾಗಿ ತೂಕಡಿಸುವ ಮನುಷ್ಯ. ಅಂಥವರಿಗೂ ಈ ಸದ್ದು ತಡೆಯಲಾಗುತ್ತಿರಲಿಲ್ಲ.

ಬೆಳ್ಳಿ ಎಂದರೆ ಬೀದಿಯಲ್ಲಿ ಹುಟ್ಟಿ ನಮ್ಮ ಕಟ್ಟೆಗೆ ಬಂದು ಬಿದ್ದ ನಾಯಿ. ಮೈಯೆಲ್ಲ ಕಪ್ಪು, ನಾಲ್ಕು ಪಾದ ಮಾತ್ರ ಬಿಳಿ. “ಕಾಲಿಗೆ ಕಡಗ ಹಾಕ್ಕೊಂಡೇ ಬಂದಾಳ ನೋಡ್ರಿ” ಎಂದು ನನ್ನ ಅತ್ತೆ ಶಂಕರಮ್ಮ ಆ ಹೆಸರಿಟ್ಟಿದ್ದರು. ಈಗ ನೆಕ್ಕಿ ನೆಕ್ಕಿ ಆ ಬಿಳಿ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಬೆರಳ ಸಂದಿ ಕೆಂಪಾಗಿ ಊದಿಕೊಂಡು, ಅದು ಕುಂಟುತ್ತಾ ಬಂದು ರೊಟ್ಟಿ ತಿನ್ನುತ್ತಿತ್ತು.

ಅತ್ತೆಗೆ ಲೋಕದಲ್ಲಿ ಎರಡೇ ಹೆಮ್ಮೆ. ಒಂದು ಬೆಳ್ಳಿ, ಇನ್ನೊಂದು ಅಂಗಳ. ಮಗ, ಸೊಸೆ ಎಲ್ಲ ಆಮೇಲೆ. ಮೊದಲು ಮನೆಯಲ್ಲಿ ಎಮ್ಮೆ ಇದ್ದಾಗ ಅಂಗಳಕ್ಕೆ ಸಗಣಿಗೇನೂ ಕೊರತೆ ಇರಲಿಲ್ಲ. ಎಮ್ಮೆ ಮಾರಿದ ಮೇಲೆ ಎದುರುಮನೆ ಹುಸೇನಮ್ಮನ ಕೊಟ್ಟಿಗೆಯಿಂದ ತರುತ್ತಿದ್ದರು. ಒಂದು ದಿನ ಹುಸೇನಮ್ಮ, “ಸಗಣಿ ನಮ್ಮ ಒಲಿಗೆ ಕುಳ್ಳು ತಟ್ಟಾಕೇ ಸಾಲವಲ್ದು ಶಂಕ್ರಮ್ಮಕ್ಕ” ಎಂದುಬಿಟ್ಟಳು. ಅತ್ತೆ ಬರಿಗೈಯಲ್ಲಿ ವಾಪಸ್ ಬಂದು ಬುಟ್ಟಿಯನ್ನು ಅಟ್ಟಕ್ಕೆ ಎಸೆದರು. “ಇನ್ನ ಆಕಿ ಬಾಗಲಿಗೆ ಹೋದ್ರ ನನ್ನ ಹೆಸರು ಶಂಕ್ರಮ್ಮ ಅಲ್ಲ” ಎಂದರು.

ಮುಂದಿನ ಸಲ ಆದೋನಿಗೆ ಹೋದಾಗ ಪೇಟೆಯಿಂದ ಕಳ್ಳಾಪಿ ಪುಡಿ ಬಂತು. ಅಂಗಳಕ್ಕೆ ಸಗಣಿನೀರು ಚಿಮುಕಿಸುವುದಕ್ಕೆ ತೆಲುಗಿನವರು ಕಳ್ಳಾಪಿ ಎನ್ನುತ್ತಾರೆ. ಇದು ಸಗಣಿಯ ಬದಲಿಗೆ ಬರುವ ಬಣ್ಣದ ಪುಡಿ. ಒಂದು ಚಿಟಿಕೆಯನ್ನು ಬಕೆಟ್ ನೀರಿಗೆ ಕಲಸಿದರೆ ಸಾಕು, ಸಿಮೆಂಟಿನ ಅಂಗಳವೆಲ್ಲ ಗಿಣಿಹಸಿರು. ಅದರ ಮೇಲೆ ಬಿಳಿ ರಂಗೋಲಿ ಎದ್ದು ಕಾಣುತ್ತಿತ್ತು. “ಸಗಣಿಗೆ ಈ ಕಳೆ ಎಲ್ಲಿಂದ ಬರಬೇಕವ್ವ?” ಎಂದು ಅತ್ತೆ ನನ್ನನ್ನು ಕೇಳುತ್ತಿದ್ದರು. ಕೇಳುವುದು ನನ್ನನ್ನು, ಕೇಳಿಸುವುದು ಎದುರುಮನೆಗೆ. ಬರಿಗಾಲಲ್ಲಿ ನಿಂತು ಅಂಗಳ ಸಾರಿಸಿ, ರಂಗೋಲಿ ಹಾಕಿ ಅವರು ಕಟ್ಟೆಯ ಮೇಲೆ ಕೂತರೆ, ಬೆಳ್ಳಿ ಆ ತಂಪಿನ ಮೇಲೆ ಕಾಲು ಚಾಚಿ ಮಲಗುತ್ತಿತ್ತು.

ನೆಕ್ಕುವುದು ಶುರುವಾದ ಮೇಲೆ ಊರಲ್ಲಿ ಎಲ್ಲರೂ ಡಾಕ್ಟರಾದರು. ಅರಿಶಿನ, ಬೇವಿನೆಣ್ಣೆ ಹಚ್ಚಿದೆವು. ಬೆಳ್ಳಿ ಅದನ್ನೂ ನೆಕ್ಕಿ ಮೂತಿ ಹಳದಿ ಮಾಡಿಕೊಂಡಿತು. ಅತ್ತೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟಿಗೆ ನಾವೆಲ್ಲ ಕೆಮ್ಮಿದೆವು, ನಾಯಿ ಹೊರಗೆ ಕೂತು ಚಪ್ಪ ಚಪ್ಪ ಎನ್ನುತ್ತಿತ್ತು.

ಕೊನೆಗೆ ಆಟೋದಲ್ಲಿ ಆಲೂರಿಗೆ ಕರೆದುಕೊಂಡು ಹೋದೆವು. ಪಶುವೈದ್ಯರು ಬೆರಳ ಸಂದಿ ಬಿಡಿಸಿ ನೋಡಿ, “ಅಲರ್ಜಿ ಅಮ್ಮಾ. ಕೋಳಿ, ಮೊಟ್ಟೆ ಕೆಲವು ದಿನ ನಿಲ್ಲಿಸಿ ನೋಡ್ರಿ. ತಿನ್ನೋದರಿಂದ ಬರಬಹುದು, ತುಳಿಯೋದರಿಂದಾನೂ ಬರಬಹುದು. ನೆಲಕ್ಕ ಫಿನೈಲು, ಆಸಿಡ್ಡು ಏನಾರ ಹಾಕ್ತೀರೇನು?” ಎಂದು ಕೇಳಿದರು.

ಅತ್ತೆ ಸೆರಗು ಸರಿಮಾಡಿಕೊಂಡರು. “ಫಿನೈಲು ಗಿನೈಲು ನಮ್ಮ ಮನ್ಯಾಗ ಬಿಲ್ಕುಲ್ ಇಲ್ರಿ ಸಾರ್. ದಿನಾ ಎದ್ದು ನಾನೇ ಅಂಗಳ ಸಾರಸ್ತೀನಿ.”

ಡಾಕ್ಟರು ಮೆಚ್ಚಿಕೊಂಡು ತಲೆಯಾಡಿಸಿದರು. ನಾನೂ ತಲೆಯಾಡಿಸಿದೆ. ಯಾರಿಗೂ ಸುಳ್ಳು ಹೇಳುವ ಉದ್ದೇಶ ಇರಲಿಲ್ಲ. ಅಂಗಳ ಸಾರಿಸುವುದು ಮಡಿಯ ಕೆಲಸ, ಅದನ್ನು ಆಸಿಡ್ ಬಾಟಲಿಯ ಪಕ್ಕದಲ್ಲಿ ಇಟ್ಟು ನೋಡಬೇಕೆಂದು ಯಾರ ತಲೆಗೂ ಬರಲಿಲ್ಲ.

ಕೋಳಿ ಬಿಟ್ಟಿತು, ಮೊಟ್ಟೆ ಬಿಟ್ಟಿತು, ನೆಕ್ಕುವುದು ಬಿಡಲಿಲ್ಲ. ಅಷ್ಟರಲ್ಲಿ ಪೆದ್ದಕಡುಬೂರಿನಿಂದ ಅತ್ತೆಯ ತಮ್ಮ ಬಜಾರಪ್ಪ ಬಂದರು. ಕುರಿ ಸಾಕುವವರು. “ನನ್ನ ಹಟ್ಟಿಗೆ ಕೊಡಕ್ಕ. ಕುರಿ ಹಿಂದ ಓಡಾಡಿದ್ರ ಕಾಲು ನೆಕ್ಕಾಕ ಟೈಮ್ ಎಲ್ಲಿ ಸಿಗತೈತಿ?” ಎಂದರು. ನನ್ನ ಗಂಡನಿಗೆ ಅದೇ ಸರಿ ಎನಿಸಿತು. ಭಾನುವಾರ ಬಂದು ಒಯ್ಯುವುದೆಂದು ಮಾತಾಯಿತು. ಅತ್ತೆ, “ಅದಕ್ಕ ಆರಾಮಾದ್ರ ಸಾಕು, ಒಯ್ಯಪ್ಪ” ಎಂದವರು ಆ ದಿನ ಊಟಕ್ಕೆ ಕೂತು ರೊಟ್ಟಿ ಮುರಿದು ಮುರಿದು ಹಾಗೇ ಎದ್ದರು. ಮಾವ ತೀರಿದ ಮೇಲೆ ಅವರ ಕಾಲ ಬುಡದಲ್ಲಿ ಮಲಗುವ ಜೀವ ಅದೊಂದೇ. ನನಗೆ ಅವರ ಮುಖ ನೋಡಲಾಗಲಿಲ್ಲ.

ಭಾನುವಾರ ಬರುವ ಮೊದಲೇ ಆಲೂರಿನಲ್ಲಿ ನನ್ನ ಗಂಡನ ದೊಡ್ಡಪ್ಪ ಜಂಬಪ್ಪ ತೀರಿಕೊಂಡರು. ತುಂಬಿದ ವಯಸ್ಸು, ಮೊಮ್ಮಕ್ಕಳನ್ನು ಬೈಯುತ್ತಲೇ ಹೋದರಂತೆ. ನಮಗೂ ಸೂತಕ. ಬಜಾರಪ್ಪನವರು ಬರುವುದು ಮುಂದಕ್ಕೆ ಹೋಯಿತು. ಸೂತಕ ಇದ್ದ ಮನೆಯಲ್ಲಿ ಅಂಗಳ ಸಾರಿಸುವಂತಿಲ್ಲ, ರಂಗೋಲಿ ಹಾಕುವಂತಿಲ್ಲ. ಅಂಗಳ ಧೂಳು ಹಿಡಿದು, ಹಸಿರು ಮಾಸಿ ಬೂದಿ ಬಣ್ಣಕ್ಕೆ ಬಂತು. ಅತ್ತೆ ಆ ಕಡೆ ನೋಡಲಾರದೆ ಹಿತ್ತಲಲ್ಲೇ ಕೂರುತ್ತಿದ್ದರು.

ಒಂದು ಮಧ್ಯಾಹ್ನ ಮನೆ ಯಾಕೋ ಬಿಕೋ ಎನಿಸಿತು. ಏನು ಕಡಿಮೆಯಾಗಿದೆ ಎಂದು ಯೋಚಿಸಿದರೆ, ಸದ್ದು ಇಲ್ಲ. ಬೆಳ್ಳಿ ಬಾಯಿ ತೆರೆದು ನಿದ್ದೆ ಹೊಡೆಯುತ್ತಿತ್ತು. ಊತ ಇಳಿದಿತ್ತು.

ಅತ್ತೆ ಕೈಮುಗಿದರು. “ಜಂಬಪ್ಪ ಭಾವಗ ನಾಯಿ ಅಂದ್ರ ಜೀವ ಆಗಿತ್ತು. ಹೋಗೋ ಮುಂದ ಅದರ ರೋಗಾನೂ ಕಟ್ಟಿಗೊಂಡು ಹೋಗ್ಯಾರ.” ಬದುಕಿದ್ದಾಗ ಯಾರಿಗೂ ಒಂದು ಲೋಟ ನೀರು ಕೊಡದ ದೊಡ್ಡಪ್ಪ ಸತ್ತ ಮೇಲೆ ಇಷ್ಟು ಉಪಕಾರಿಯಾದರು. ನನ್ನ ಗಂಡ ಬಜಾರಪ್ಪನವರಿಗೆ ಫೋನ್ ಮಾಡಿ ಬರುವುದು ಬೇಡ ಎಂದರು.

ಸೂತಕ ಕಳೆಯಿತು. ಮನೆ ತೊಳೆದೆವು. ಅತ್ತೆ ಸಂತೋಷಕ್ಕೆ ಪುಡಿಯನ್ನು ಚಿಟಿಕೆಯಲ್ಲಲ್ಲ, ಹಿಡಿಯಲ್ಲೇ ಕಲಸಿ ಅಂಗಳ ಸಾರಿಸಿದರು. ಹೋಗುವವರೆಲ್ಲ ನಿಂತು ನೋಡುವ ಹಸಿರು. ಬೆಳ್ಳಿ ಎಂದಿನಂತೆ ಅಲ್ಲೇ ಮಲಗಿತು. ಸಂಜೆಗೆ ಮತ್ತೆ ಚಪ್ಪ, ಚಪ್ಪ. ನನ್ನ ಗಂಡ ಫೋನ್ ತೆಗೆದು, “ಭಾನುವಾರ ಬಂದುಬಿಡು ಮಾವ” ಎಂದರು.

ನನಗೆ ಆಗ ಡಾಕ್ಟರು ಹೇಳಿದ್ದು ನೆನಪಾಯಿತು: ತುಳಿಯುವುದರಿಂದಲೂ ಬರಬಹುದು. ಸೂತಕದಲ್ಲಿ ಏನು ಇರಲಿಲ್ಲ? ಕೋಳಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಆಗ ಇಲ್ಲದೆ ಈಗ ಇರುವುದು ಅಂಗಳದ ಹಸಿರು ಒಂದೇ. ಆದರೆ ಹೇಳುವುದು ಹೇಗೆ? ಅತ್ತೆಯ ಅಂಗಳದಲ್ಲಿ ತಪ್ಪು ಹುಡುಕುವುದೂ ಒಂದೇ, ಹುಲಿಯ ಮೀಸೆ ಎಳೆಯುವುದೂ ಒಂದೇ.

ಹೇಳಲಾರದೆ ಒಂದು ಬಿಳಿ ಪ್ಲಾಸ್ಟಿಕ್ ಬೋಗುಣಿಯಲ್ಲಿ ನೀರು ಹಾಕಿಕೊಂಡು ಹಿತ್ತಲಲ್ಲಿ ಬೆಳ್ಳಿಯ ಕಾಲು ಅದ್ದಿದೆ. ಬೆರಳ ಸಂದಿ ತಿಕ್ಕಿದ ಹಾಗೆಲ್ಲ ನೀರು ಹಸಿರಾಗುತ್ತಾ ಹೋಯಿತು. ಹಿಂದೆ ಯಾರೋ ನಿಂತಂತಾಯಿತು. ಅತ್ತೆ. ಬೋಗುಣಿ ನೋಡಿದರು, ನಾಯಿ ನೋಡಿದರು, ಆಮೇಲೆ ತಲೆ ಬಗ್ಗಿಸಿ ತಮ್ಮ ಕಾಲನ್ನೇ ತುಂಬ ಹೊತ್ತು ನೋಡಿಕೊಂಡರು. ಹಾಗೇ ಒಳಗೆ ಹೋದರು. ಮುಗಿಯಿತು ನನ್ನ ಕಥೆ ಎಂದುಕೊಂಡೆ.

ಬೆಳಿಗ್ಗೆ ಎದ್ದರೆ ಅಟ್ಟದ ಬುಟ್ಟಿ ಇಲ್ಲ. ಕಿಟಕಿಯಿಂದ ನೋಡಿದೆ. ಅತ್ತೆ ಹುಸೇನಮ್ಮನ ಕೊಟ್ಟಿಗೆ ಮುಂದೆ ಬುಟ್ಟಿ ಹಿಡಿದು ನಿಂತಿದ್ದರು. ಇಡೀ ಓಣಿ ನೋಡುತ್ತಿತ್ತು.

“ಏನಕ್ಕ, ನಿಮ್ಮದು ಪೇಟೆ ಅಂಗಳ ಅಲ್ಲೇನು?” ಎಂದಳು ಹುಸೇನಮ್ಮ. ಕಾದಿದ್ದ ಮಾತು, ಬಿಡುತ್ತಾಳೆಯೇ.

“ನನಗಲ್ಲ, ನಾಯಿಗೆ. ಕೊಡ್ತೀಯೋ ಇಲ್ಲೋ ಹೇಳು” ಎಂದರು ಅತ್ತೆ.

ಹುಸೇನಮ್ಮ ಬುಟ್ಟಿ ಕಿತ್ತುಕೊಂಡು ತುಂಬಿಸಿ ಕೊಟ್ಟಳು. “ಕುಳ್ಳಿಗೆ ಸಾಲಲಿಲ್ಲಂದ್ರ ಗ್ಯಾಸ್ ಐತಿ ತಗೋ” ಎಂದಳು. ಅತ್ತೆ ಹಸಿರು ಹೋಗುವವರೆಗೆ ಅಂಗಳ ತಿಕ್ಕಿ ತೊಳೆದು, ಸಗಣಿಯಲ್ಲಿ ಸಾರಿಸಿದರು. ಪುಡಿಯ ಪೊಟ್ಟಣ ಆಮೇಲೆ ನನ್ನ ಕಣ್ಣಿಗೆ ಬೀಳಲಿಲ್ಲ.

ಭಾನುವಾರ ಬಜಾರಪ್ಪನವರು ಹಗ್ಗ ಹಿಡಿದು ಬಂದಾಗ ಬೆಳ್ಳಿ ಮಂಕು ಕಂದು ಅಂಗಳದಲ್ಲಿ ರಂಗೋಲಿ ಅಳಿಸಿಕೊಂಡು ಮಲಗಿತ್ತು. ನೆಕ್ಕುತ್ತಿರಲಿಲ್ಲ. “ಎಲ್ಲೈತಿ ರೋಗ?” ಎಂದರು ಅವರು. “ಚಾ ಕುಡಿದು ಹೋಗಪ್ಪ” ಎಂದರು ಅತ್ತೆ. ಅವರು ಚಹಾ ಕುಡಿದು, ಹಗ್ಗ ಸುತ್ತಿಕೊಂಡು ಹೋದರು.

ಸಂಜೆ ನಾನು ಬೆಳ್ಳಿಯ ಪಾದಕ್ಕೆ ಕೊಬ್ಬರಿ ಎಣ್ಣೆ ಹಚ್ಚುತ್ತಾ ಕೂತಿದ್ದೆ. ಅತ್ತೆ ಪಕ್ಕದಲ್ಲಿ ಬಂದು ಕೂತು ಸೀರೆ ತುಸು ಮೇಲೆತ್ತಿ ತಮ್ಮ ಕಾಲನ್ನೂ ಮುಂದೆ ಚಾಚಿದರು. ಬೆರಳ ಸಂದಿಯೆಲ್ಲ ಸಿಪ್ಪೆ ಎದ್ದಿತ್ತು, ಹಿಮ್ಮಡಿ ಕೆಂಪಗೆ ಒಡೆದಿತ್ತು. ಕಟ್ಟೆಯ ಕಲ್ಲಿಗೆ ಅವರು ಕಾಲು ಉಜ್ಜುತ್ತಾ ಕೂರುತ್ತಿದ್ದುದನ್ನು ನಾನು ದಿನವೂ ನೋಡಿದ್ದೆ. ಹೊಸ ಚಪ್ಪಲಿ ಕಚ್ಚಿದೆ ಎನ್ನುತ್ತಿದ್ದರು.

“ಎಷ್ಟು ದಿನದಿಂದ ಅತ್ತೀ?” ಎಂದೆ.

“ಬೆಳ್ಳಿಗೆ ಯಾವಾಗಿಂದಲೋ ನನಗೂ ಆವಾಗಿಂದ.”

“ಹೇಳಬಾರದಾಗಿತ್ತೇನ್ರಿ?”

ಅತ್ತೆ ನಾಯಿಯ ತಲೆ ಸವರುತ್ತಾ ನಕ್ಕರು. “ಅದು ನೆಕ್ಕಿಗೊಂತು, ಮನಿ ಮಂದಿಗೆಲ್ಲ ಕೇಳಿಸ್ತು, ಆಟೋದಾಗ ಆಲೂರಿಗೆ ಹೋತು. ನನಗ ಹಂಗ ನೆಕ್ಕಾಕ ಬರತೈತೇನವ್ವ ಜ್ಯೋತಿ?”

ನಾನು ಅವರ ಕಾಲನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಎಣ್ಣೆ ಬಾಟಲಿ ಬಗ್ಗಿಸಿದೆ.